ಎಳಿ ಕಡಿ

ಬಸ್ಸಿನಿಂದ ಇಳಿದು ಬನಹಟ್ಟಿಯ ಆ ಓಣಿಗೆ ಕಾಲಿಟ್ಟ ಕೂಡಲೇ, ಇಲ್ಲೇನೋ ದೊಡ್ಡ ಜಗಳ ನಡೆದಿದೆ ಅಂದುಕೊಂಡೆ. ಒಬ್ಬ ಹೆಂಗಸು ಕಟ್ಟೆಯ ಮೇಲೆ ನಿಂತು ಎದುರು ಮನೆಯವಳ ಮೇಲೆ ಕಿರುಚುತ್ತಿದ್ದಳು. ಎದುರು ಮನೆಯವಳೂ ಬಿಡದೆ ಕಿರುಚುತ್ತಿದ್ದಳು. ನಡುವೆ ಸೈಕಲ್ ಹಿಡಿದು ನಿಂತಿದ್ದ ಗಂಡಸು ಇಬ್ಬರ ಮೇಲೂ ಕಿರುಚುತ್ತಿದ್ದ. ನಾನು ಸೂಟ್‌ಕೇಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತೆ. ಇನ್ನೇನು ಹೊಡೆದಾಟ ಶುರುವಾಗುತ್ತೆ, ಪೊಲೀಸರು ಬರ್ತಾರೆ, ಮೊದಲ ದಿನವೇ ಸಾಕ್ಷಿ ಹೇಳೋಕೆ ಹೋಗಬೇಕಾಗುತ್ತೆ ಅಂತೆಲ್ಲ ಲೆಕ್ಕ ಹಾಕಿಬಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಎರಡೂ ಬದಿಯ ಮನೆಗಳೊಳಗೆ ಓಡುತ್ತಿದ್ದ ವಿದ್ಯುತ್ ಮಗ್ಗಗಳು ಒಟ್ಟಿಗೇ ನಿಂತವು. ಕಟ್ಟೆಯ ಹೆಂಗಸು ಮಾತ್ರ ಅದೇ ದನಿಯಲ್ಲಿ ಮುಂದುವರಿಸಿದಳು: "ಬದನಿಕಾಯಿ ಪಲ್ಯಾ ಮಾಡೇನಿ, ನೀ ರೊಟ್ಟಿ ಅಷ್ಟ ತಗೊಂಡ ಬಾ ಬೇ!"

ಅದು ಊಟದ ಕರೆ. ನಂಜನಗೂಡಿನ ಕಡೆ ನಾವು ಪಕ್ಕದ ಮನೆಯವರನ್ನು ಊಟಕ್ಕೆ ಕರೆಯುವಾಗ ದನಿ ತಗ್ಗಿಸುತ್ತೇವೆ, ಅದರಾಚೆ ಮನೆಯವರಿಗೆ ಕೇಳಿಸಿಬಿಟ್ಟರೆ ಅವರನ್ನೂ ಕರೆಯಬೇಕಾಗುತ್ತಲ್ಲ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳ ಖಟಪಟದ ಮೇಲೆ ಮಾತು ಹತ್ತಿಸಿ ಹತ್ತಿಸಿ ಜನರ ಗಂಟಲೇ ಹಾಗಾಗಿಬಿಟ್ಟಿದೆ. ಆ ಕಟ್ಟೆಯ ಹೆಂಗಸೇ ಕಾಶವ್ವ, ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಒಡತಿ. ಅರವತ್ತು ದಾಟಿದ, ಕಂಬದ ಹಾಗೆ ನೆಟ್ಟಗಿದ್ದ ಹೆಂಗಸು. ನನ್ನನ್ನು ನೋಡಿ ನಕ್ಕರು. "ಹಿಂಗ್ಯಾಕ ಗ್ವಾಡಿಗಿ ಹತ್ಕೊಂಡ ನಿಂತೀರಿ? ನಮ್ಮನ್ನ ನೋಡಿ ಅಂಜಿದ್ರೇನು? ಬರ್ರಿ, ಒಳಗ ಬರ್ರಿ."

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ನಾನು ಹೊಸ ವರ್ಷದ ಹುಚ್ಚಿ. ಪ್ರತಿ ಜನವರಿ ಒಂದಕ್ಕೆ ಹೊಸ ನೋಟ್‌ಬುಕ್ಕು ಕೊಂಡು, ಮೊದಲ ಪುಟದಲ್ಲಿ "ಇವತ್ತಿನಿಂದ ಹೊಸ ನಾನು" ಅಂತ ಬರೆದು ಅಡಿಗೆರೆ ಎಳೆಯುವವಳು. ಒಂದು ವರ್ಷ ಬ್ಯೂಟಿ ಪಾರ್ಲರ್ ಕೋರ್ಸ್, ಒಂದು ವರ್ಷ ಕೇಕ್ ಮಾಡುವುದು, ಒಂದು ವರ್ಷ ಇಂಗ್ಲಿಷ್ ತರಗತಿ. ಒಂದು ಜನವರಿಯಲ್ಲಿ ಗಂಡನನ್ನು ಬಿಟ್ಟೆ. ಅದೊಂದು ಮಾತ್ರ ಒಳ್ಳೆಯ ತೀರ್ಮಾನವಾಗಿತ್ತು, ಅದರ ಧೈರ್ಯದಲ್ಲೇ ಮಿಕ್ಕ ಮೂರ್ಖತನವೆಲ್ಲ ಮಾಡಿದೆ. ಕೊನೆಗೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಅದು ಮುಚ್ಚಿತು. ನಲವತ್ತಾರನೇ ವಯಸ್ಸಿನಲ್ಲಿ, ಕೈಮಗ್ಗದವರಿಗೆ ಹೊಸ ವಿನ್ಯಾಸ ಕಲಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿ, ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದರೂ ತಟ್ಟನೆ ಸಿಗದ ಊರಿಗೆ ಬಂದಿಳಿದೆ. ಎಂತಹ ಖುಷಿ ಅಂತೀರಿ! ಇಷ್ಟು ದೂರ ಬಂದ ಮೇಲೆ ಹೊಸಬಳಾಗದೆ ಇನ್ನೇನು ದಾರಿ ಅಂತ.

ಸಂಸ್ಥೆಯ ಆಫೀಸು ಜಮಖಂಡಿಯಲ್ಲಿತ್ತು. ಅಲ್ಲಿನ ಮುಖ್ಯಸ್ಥರು ಜೋಶಿ ಸರ್. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡುವ, ಸದಾ ಇಸ್ತ್ರಿ ಅಂಗಿಯ ಒಳ್ಳೆಯ ಮನುಷ್ಯ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂತ ಬಸ್ಸಿನಲ್ಲಿ ಸುತ್ತಿ, ಇನ್ನೂ ಕೈಯಲ್ಲಿ ನೇಯುತ್ತಿರುವ ಬೆರಳೆಣಿಕೆಯ ಮನೆಗಳನ್ನು ಹುಡುಕಿ, ಸೀರೆ ಬಿಟ್ಟು ದುಪಟ್ಟಾ, ಮೇಜಿನ ಹಾಸು, ದಿಂಬಿನ ಚೀಲ ನೇಯಿರಿ ಎಂದು ಒಪ್ಪಿಸುವುದು ನನ್ನ ಕೆಲಸ. ಬಸ್ಸಿನ ಕಿಟಕಿಯಾಚೆ ಕಬ್ಬು, ಮತ್ತೆ ಕಬ್ಬು, ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಕಾವೇರಿ ಕಪಿಲೆಯ ಭತ್ತದ ಹಸಿರು ನೋಡಿ ಬೆಳೆದ ಕಣ್ಣಿಗೆ ಆ ಕಬ್ಬಿನ ಗೋಡೆಯ ನಡುವೆ ಉಸಿರು ಕಟ್ಟುತ್ತಿತ್ತು.

ಮಾತು ಕಲಿಯುವುದು ಸುಲಭ ಅಂದುಕೊಂಡಿದ್ದೆ. ಅದೂ ಕನ್ನಡವೇ ತಾನೆ! ಮೊದಲ ವಾರವೇ ಕಾಶವ್ವ ತಟ್ಟೆಗೆ ರೊಟ್ಟಿ ಹಾಕಿ, "ಹಿಂಡಿ ಹಚ್ಕೊಂಡ ತಿನ್ರಿ" ಅಂದರು. ನಮ್ಮಲ್ಲಿ ಹಿಂಡಿ ತಿನ್ನುವುದು ಹಸು. ನನ್ನ ಮುಖ ನೋಡಿ ಅವರು ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೇ ಮುಂದಿಟ್ಟರು. ಇನ್ನೊಂದು ದಿನ ಪಡಸಾಲೆಯಲ್ಲಿದ್ದ ಅವರ ಮಗ್ಗವನ್ನು ತೋರಿಸಿ, "ಕುಣಿಯೊಳಗ ಕಾಲ ಬಿಟ್ಟ ಕುಂದರ್ರಿ" ಅಂದರು. ಕುಣಿಯುವುದೇಕೆ ಅಂತ ನಾನು ಕೇಳಿ ಓಣಿಯೇ ನಕ್ಕಿತು. ನೇಯುವವರು ಕಾಲು ಇಳಿಬಿಟ್ಟು ಕೂರಲು ಮಗ್ಗದ ಕೆಳಗೆ ನೆಲದಲ್ಲಿ ತೋಡಿರುವ ಗುಂಡಿಗೆ ಇಲ್ಲಿ ಕುಣಿ ಅಂತಾರೆ. ಹೀಗೆ ಒಂದೊಂದೇ ಪದಕ್ಕೆ ಮುಖಭಂಗವಾಗಿ, ಎರಡು ತಿಂಗಳಲ್ಲಿ ನಾನೊಂದು ಸೂತ್ರ ಕಂಡುಹಿಡಿದೆ: ನಮ್ಮ ಪದದ ಕೊನೆಯ 'ಎ'ಕಾರವನ್ನು 'ಇ' ಮಾಡಿದರೆ ಇವರ ಪದ. ಮನೆ ಮನಿ, ಶಾಲೆ ಸಾಲಿ, ಕತೆ ಕತಿ. ಅಣ್ಣನಿಗೆ ಫೋನ್ ಮಾಡಿ, "ಏ, ಎಲ್ಲಾ ಬರುತ್ತೆ ಕಣೋ ನಂಗೀಗ" ಅಂತ ಜಂಭ ಕೊಚ್ಚಿಕೊಂಡೆ.

ಎಲ್ಲಾ ಬರುತ್ತಿತ್ತು, ಒಬ್ಬಳೇ ಊಟ ಮಾಡುವುದೊಂದು ಬಿಟ್ಟು. ಸಂಜೆ ಕೋಣೆಗೆ ಬಂದು ಕಾಫಿ ಬೆರೆಸಿಕೊಂಡರೆ, ಇಡೀ ಓಣಿಯಲ್ಲಿ ಕಾಫಿಯ ವಾಸನೆ ಬರುವುದು ನನ್ನ ಒಂದು ಕಿಟಕಿಯಿಂದ. ಜನ ಒಳ್ಳೆಯವರೇ. ಆದರೆ ಎಲ್ಲರೂ ನನಗೆ "ರೀ" ಹಚ್ಚಿ ಮಾತಾಡುತ್ತಿದ್ದರು. ಬರ್ರಿ, ಕುಂದರ್ರಿ, ಹೋಗಿ ಬರ್ರಿ ಮೇಡಮ್ಮಾರ. ಕಾಶವ್ವ ಎದುರು ಮನೆಯವಳಿಗೆ "ಬಾ ಬೇ" ಅನ್ನುವುದು ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನೂ ಯಾರಿಗಾದರೂ ಬರೀ "ಬಾ" ಆಗಬೇಕಿತ್ತು.

ಈಗ ಕಾಶವ್ವನ ಗಂಡ ದುಂಡಪ್ಪನವರ ವಿಷಯ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ನಲವತ್ತು ವರ್ಷ ನೇಯ್ದ ಮನುಷ್ಯ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಎರಡೂ ಕಣ್ಣು ಹೋಗಿದ್ದವು, ಬೆಳಕು ಕತ್ತಲೆ ಅಷ್ಟು ಮಾತ್ರ ತಿಳಿಯುತ್ತಿತ್ತು. ಮಗ ಬಸವರಾಜ ಮುಧೋಳದಲ್ಲಿ ಸರ್ಕಾರಿ ನೌಕರ, ಸೊಸೆ ಟೀಚರು, ಎಲ್ಲರೂ ಒಂದೇ ಮನೆಯಲ್ಲಿ. ಹೊಟ್ಟೆಬಟ್ಟೆಗೆ ಯಾವ ಕೊರತೆಯೂ ಇಲ್ಲ. ಆದರೂ ಕಾಶವ್ವ ಆ ಹಳೆಯ ಕೈಮಗ್ಗದಲ್ಲಿ ಸೀರೆ ನೇಯುವುದನ್ನು ಬಿಟ್ಟಿರಲಿಲ್ಲ. ಯಾಕೆಂದು ಕೇಳಿದೆ.

"ನಾ ನೇಯೂದು ನನಗಲ್ಲರಿ," ಅಂದರು. "ಹಾಸು ಮುಗಿದ್ರ ಹೊಸಾದು ಕೆಚ್ಚಬೇಕಲ್ಲ, ಅದ ಇವ್ರ ಕೆಲಸಾ. ಕಣ್ಣ ಹ್ವಾದ ಮ್ಯಾಲ ಇವ್ರಿಗಿ ಉಳದಿದ್ದು ಅದೊಂದ. ಮಗ್ಗ ನಿಂತ್ರ ಇವ್ರು ಹಾಸಿಗಿ ಹಿಡೀತಾರ."

ಕೆಚ್ಚುವುದು ಅಂದರೆ ಏನೆಂದು ಹೇಳುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಹಾಸಿರುವ ಸಾವಿರಾರು ಎಳೆಗಳಿಗೆ ಹಾಸು ಅನ್ನುತ್ತಾರೆ. ಒಂದೊಂದು ಎಳೆಯೂ ಒಂದೊಂದು ನೂಲಿನ ಕುಣಿಕೆಯೊಳಗೆ ತೂರಿ, ಹಣಿಗೆಯ ಒಂದೊಂದು ಹಲ್ಲಿನ ನಡುವೆ ಹಾದು ಮುಂದೆ ಬರುತ್ತದೆ. ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಕುಣಿಕೆಯ ಹಿಂದೆ ಒಂದು ಗೇಣು ಹಳೆಯ ಎಳೆ ಬಿಟ್ಟು, ಪ್ರತಿ ಹಳೆಯ ತುದಿಗೆ ಒಂದು ಹೊಸ ತುದಿಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಆಮೇಲೆ ಹಳೆಯದು ಮುಂದೆ ಸರಿಯುತ್ತ ಹೊಸದನ್ನು ತಾನೇ ಎಲ್ಲ ಕುಣಿಕೆ, ಎಲ್ಲ ಹಲ್ಲುಗಳೊಳಗಿಂದ ತರುತ್ತದೆ. ಇದಕ್ಕೆ ಕಣ್ಣು ಬೇಡ. ಕಾಕಾ ಗೋಡೆಗೆ ಒರಗಿ, ಬೂದಿಯ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಎರಡು ಮೂರು ದಿನ ಕೂತು ಇಡೀ ಹಾಸು ಕೆಚ್ಚಿ ಮುಗಿಸುತ್ತಿದ್ದರು. ಆ ಮಗ್ಗದಲ್ಲಿ ಹೀಗೆ ಎಳೆಗೆ ಎಳೆ ಕೂಡಿಕೊಂಡು ಬಂದದ್ದು ಅವರ ತಂದೆಯ ಕಾಲದಿಂದಂತೆ. ಒಮ್ಮೆಯೂ ಬರಿದಾಗಿರಲಿಲ್ಲವಂತೆ.

ನನಗೆ ಅದು ಜಿಡ್ಡು ಅನ್ನಿಸಿತ್ತು. ನೋಟ್‌ಬುಕ್ಕಿನವಳಲ್ಲವೇ? "ಕಾಕಾ, ಪ್ರತಿ ಸಲ ಹಳೇದಕ್ಕೇ ಗಂಟು ಹಾಕ್ತಾ ಕೂತ್ರೆ ಹೊಸದು ಮಾಡೋದು ಯಾವಾಗ?" ಅಂತ ಕೇಳಿಯೇಬಿಟ್ಟೆ.

ಅವರು ಕೈ ನಿಲ್ಲಿಸಲಿಲ್ಲ. "ಇದ ಹೊಸಾದು ನೋಡ್ರಿ," ಅಂದರು. "ಹಳೀದರ ತುದಿ ಇರದಿದ್ರ ಹೊಸಾದನ್ನ ಎದಕ್ಕ ಕೆಚ್ಚೂದ್ರಿ?" ನಾನು ನಕ್ಕುಬಿಟ್ಟೆ. ವಯಸ್ಸಾದವರು ಹೀಗೇ ಅಂದುಕೊಂಡೆ.

ಡಿಸೆಂಬರಿನ ಕೊನೆಗೆ ಕಾಶವ್ವ ನನ್ನ ಒತ್ತಾಯಕ್ಕೆ ಒಪ್ಪಿದರು. ಮುಂದಿನ ಹಾಸು ನನ್ನ ಬಣ್ಣಗಳದ್ದು, ಎಳೆಯ ಲೆಕ್ಕ ಹಳೆಯದೇ, ಕೆಚ್ಚುವುದು ಕಾಕಾ. ಅಷ್ಟು ಅವರ ಷರತ್ತು. ಡಿಸೆಂಬರ್ ಮೂವತ್ತೊಂದರ ಸಂಜೆ ಸೀರೆ ಮುಗಿಯಿತು. ಮರುದಿನ ಬೆಳಗ್ಗೆ ಚಿಮ್ಮಡದಲ್ಲಿದ್ದ ಮಗಳ ಕೂಸಿಗೆ ಜ್ವರ ಅಂತ ಫೋನ್ ಬಂದು ಕಾಶವ್ವ ಆಟೋ ಹತ್ತಿದರು. ಹತ್ತುವಾಗ, "ಸೀರಿ ಬಿಚ್ಚೂದು ನಾ ಬಂದ ಮ್ಯಾಲ, ಹಾಂ?" ಅಂದರು. ನಾನು ತಲೆಯಾಡಿಸಿದೆ.

ಹತ್ತು ಗಂಟೆಗೆ ಜೋಶಿ ಸರ್ ಫೋನು. ವರ್ಷದ ಮೊದಲ ದಿನವೇ ಹೊಸ ಮಗ್ಗದ ಫೋಟೋ ಬೇಕು, ಮಧ್ಯಾಹ್ನದೊಳಗೆ ಮೇಲಿನವರಿಗೆ ಕಳಿಸಬೇಕು ಅಂದರು. ಹೊಸ ವರ್ಷ, ಹೊಸ ಆರಂಭ! ನನಗೆ ಹೇಳಿ ಮಾಡಿಸಿದ ಮಾತು. ಹಳೆ ಸೀರೆ ಬಿಚ್ಚಿಟ್ಟು, ನನ್ನ ಅರಿಶಿನ ಹಸಿರಿನ ಹೊಸ ನೂಲನ್ನು ಮಗ್ಗದ ಮೇಲೆ ಹರಡಿ ಫೋಟೋ ತೆಗೆದರಾಯಿತು, ಕಾಶವ್ವ ಬಂದಮೇಲೆ ಮಿಕ್ಕಿದ್ದು ಅಂದುಕೊಂಡೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಕಾಕಾ ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಕತ್ತರಿ ಹಿಡಿದು ಮಗ್ಗದ ಹತ್ತಿರ ನಿಂತು ಕೂಗಿದೆ: "ಕಾಕಾ, ಸೀರೆ ಬಿಚ್ಚಿಕೊಳ್ಲಾ?"

ಅಕ್ಕಪಕ್ಕದ ಮನೆಗಳ ಮಗ್ಗಗಳು ಜೋರಾಗಿ ಓಡುತ್ತಿದ್ದವು. ಕಾಕಾ ಕೂತಲ್ಲಿಂದಲೇ ಏನೋ ಉತ್ತರ ಕೂಗಿದರು. ನನಗೆ ಕೇಳಿಸಿದ್ದು ಎರಡು ಪದ: "ಎಳಿ... ಕಡಿ..."

ಎಳಿ. ಕಡಿ. ಎಷ್ಟು ಸ್ಪಷ್ಟ! ಎಳೆದು ಕಡಿ, ಅಷ್ಟೇ ತಾನೆ. ನನಗೆ ಒಂದು ಕ್ಷಣ ಅನುಮಾನ ಬರಬೇಕಿತ್ತು. ಯಾಕೆಂದರೆ "ರೀ" ಹಚ್ಚದೆ ನನ್ನ ಜೊತೆ ಒಂದು ಮಾತೂ ಆಡಿರದ ಮನುಷ್ಯ ಅವರು. ಅವರು ಹೇಳುವುದಿದ್ದರೆ ಎಳೀರಿ, ಕಡೀರಿ ಅನ್ನಬೇಕಿತ್ತು. ಅದು ನನ್ನ ಗಮನಕ್ಕೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂತು. ಬಂದು ಖುಷಿಯಾಯಿತು. ಅಯ್ಯೋ ಶಿವನೇ, ಕೊನೆಗೂ ನನ್ನನ್ನು ಏಕವಚನದಲ್ಲಿ ಕರೆದರಲ್ಲ, ಮನೆಯವಳಾದೆನಲ್ಲ ಅಂತ ನನ್ನ ಕಣ್ಣು ತುಂಬಿಬಂತು. ಆ ಖುಷಿಯಲ್ಲೇ ಕುಣಿಕೆಗಳ ಹಿಂದೆ ಉಳಿದಿದ್ದ ಆ ಒಂದು ಗೇಣು ಹಳೆಯ ಎಳೆಗಳನ್ನು ಹಿಡಿ ಹಿಡಿಯಾಗಿ ಕತ್ತರಿಸಿದೆ. ಮುಂದಿನಿಂದ ಸೀರೆ ಹಿಡಿದು ಎಳೆದೆ. ಎಳೆಗಳೆಲ್ಲ ಸರಸರನೆ ಕುಣಿಕೆ ದಾಟಿ, ಹಣಿಗೆ ದಾಟಿ ನನ್ನ ಕೈಗೆ ಬಂದವು. ಮಗ್ಗ ಎಷ್ಟು ಚೊಕ್ಕಟವಾಗಿ ಕಂಡಿತೆಂದರೆ, ನಾಲ್ಕು ಫೋಟೋ ಹೆಚ್ಚಿಗೇ ತೆಗೆದೆ.

ಸ್ವಲ್ಪ ಹೊತ್ತಿಗೆ ಕಾಕಾ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಸೀರೆ ಬಿಚ್ಚಿದ ಮೇಲೆ ಉಳಿದ ತುದಿಗಳನ್ನು ಒಮ್ಮೆ ಮುಟ್ಟಿ ನೋಡುವುದು ಅವರ ಅಭ್ಯಾಸವಂತೆ. ಮಗ್ಗದ ಹಿಂದೆ ಕೈ ಚಾಚಿದರು. ಬೆರಳು ಗಾಳಿಯಲ್ಲಿ ಹುಡುಕಿತು. ಇನ್ನಷ್ಟು ಮುಂದೆ ಚಾಚಿದರು. ಕುಣಿಕೆಗಳು ಸಿಕ್ಕವು, ಒಂದಕ್ಕೊಂದು ಜೋತುಬಿದ್ದಿದ್ದವು. ಹಣಿಗೆಯ ಹಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಉಗುರು ಎಳೆದರು. ಅದು ಕರ್ರ್ ಅಂತು.

"ಎಳಿ ಎಲ್ಲಿ ಹೋದುವ್ರಿ?" ಅಂದರು.

ಆಗ ನನಗೆ ತಿಳಿಯಿತು. ನನ್ನದೇ ಸೂತ್ರ ನನ್ನ ತಲೆಯ ಮೇಲೆ ಬಿತ್ತು. ಎಳೆ, ಎಳಿ. ಕಡೆ, ಕಡಿ. ಅವರು ಕೂಗಿದ್ದು ಎಳೆಗಳ ಕಡೆ ಏನೋ ನೋಡಿಕೊಳ್ಳಿ ಅಂತ. "ತೆಗೆದುಬಿಟ್ಟೆ ಕಾಕಾ. ಹೊಸದು ಹಾಕೋಣ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಹಣಿಗೆಯಿಂದ ಕೈ ತೆಗೆದರು. ಆಮೇಲೆ, "ಆತು ಬಿಡ್ರಿ," ಅಂದು ಗೋಡೆ ಹಿಡಿದುಕೊಂಡೇ ಹೊರಗೆ ಹೋದರು.

ಸಂಜೆ ಬಂದ ಕಾಶವ್ವ ಒಳಗೆ ಕಾಲಿಡುತ್ತಲೇ ಮಗ್ಗ ನೋಡಿದರು. ಬೈಯುತ್ತಾರೆ, ಕೋಣೆ ಖಾಲಿ ಮಾಡು ಅನ್ನುತ್ತಾರೆ ಅಂತ ನಾನು ಕಾದೆ. ಹಿತ್ತಲಿಗೆ ಬರಲು ಸನ್ನೆ ಮಾಡಿದರು. ನೀರಿನ ತೊಟ್ಟಿಯ ಹತ್ತಿರ ನಿಂತು ನಡೆದದ್ದೆಲ್ಲ ಹೇಳಿದೆ, ನನ್ನ ಕಿವಿಗೆ ಬಿದ್ದ ಎರಡು ಪದವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಎಳಿ ಕಡಿ ಲಕ್ಷ್ಯ ಇರಲಿ," ಅಂದರು. "ನಾ ಕಸಾ ಹೊಡೆಯುವಾಗ ದಿನಾ ಅದನ್ನ ಅಂತಾರ. ನಿಮಗೂ ಅದನ್ನ ಅಂದಾರ."

"ನಾನು ಅವರಿಗೆ ಹೇಳಿಬಿಡ್ತೀನಿ, ನನಗೆ ತಪ್ಪು ಕೇಳಿಸ್ತು ಅಂತ."

ಕಾಶವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. "ಹೇಳಬ್ಯಾಡ್ರಿ. ನೀವು ತಿಳೀದ ಮಾಡಿದ್ರಿ ಅಂತ ಅನ್ಕೊಂಡಾರ, ಹಂಗ ಇರಲಿ. ತಮ್ಮ ಮಾತಿನಿಂದ ಮಗ್ಗ ಹೋತು ಅಂತ ಗೊತ್ತಾದ್ರ ಅವ್ರು ಮಾತ ಬಿಡ್ತಾರ. ಕಣ್ಣಿಲ್ಲ, ಈಗ ಕೈಗಿ ಕೆಲಸಿಲ್ಲ, ಬಾಯಿ ಒಂದರ ಇರಲಿ. ಆಣಿ ಮಾಡ್ರಿ."

ಆಣೆ ಮಾಡಿದೆ.

ಮುಂದಿನ ಎರಡೂವರೆ ತಿಂಗಳು ನಾನು ಕಲಿತಷ್ಟು ಬೇರೆ ಯಾವ ವರ್ಷವೂ ಕಲಿತಿಲ್ಲ. ಬರಿದಾದ ಮಗ್ಗಕ್ಕೆ ಹಾಸು ಹಾಕಬೇಕೆಂದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ತೂರಿಸಬೇಕು. ಅದಕ್ಕೆ ಕಣ್ಣು ಬೇಕು. ರಬಕವಿಯಲ್ಲಿ ಈ ಕೆಲಸ ಬಲ್ಲ ಒಬ್ಬರಿದ್ದರು, ಕೈಕಾಲು ಹಿಡಿದು ಕರೆತಂದೆ. ಕುಣಿಕೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ, "ಇವು ಎಳಿ ಹಿಡಕೊಂಡ ನಿಂತಿದ್ವು, ಎಳಿನೂ ಇವನ್ನ ಹಿಡದಿತ್ತು. ಈಗ ಮುಟ್ಟಿದ್ರ ಹರೀತಾವ," ಅಂದರು. ಹೊಸ ಕುಣಿಕೆ ಕಟ್ಟಿಕೊಡುವವರು ಯಾರೂ ಉಳಿದಿರಲಿಲ್ಲ. ವಿದ್ಯುತ್ ಮಗ್ಗದ ತಂತಿಯವು ಅಂಗಡಿಯಲ್ಲಿ ಸಿಗುತ್ತಿದ್ದವು, ಇದಕ್ಕೆ ಒಗ್ಗುತ್ತಿರಲಿಲ್ಲ. ಬೀಳಗಿ, ಮುಧೋಳ ಎಲ್ಲ ಕಡೆ ಕೇಳಿದೆ. ಚಹಾ ಕೊಟ್ಟರು, ಕೂರಿಸಿದರು, ಇಲ್ಲರಿ ಅಂದರು.

ಕೊನೆಗೆ ನಾನೂ ಕಾಶವ್ವನೂ ಹರಿದ ಕುಣಿಕೆಗಳನ್ನು ಗಂಟು ಹಾಕಿಕೊಂಡು ನಾವೇ ತೂರಿಸಲು ಕೂತೆವು. ಅವರು ಹಿಂದಿನಿಂದ ಎಳೆ ಕೊಡುವುದು, ನಾನು ಕೊಕ್ಕೆಯಿಂದ ಎಳೆದುಕೊಳ್ಳುವುದು. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದು ತಾಸು, ಸಂಜೆ ದೀಪ ಹಚ್ಚುವವರೆಗೆ ಒಂದು ತಾಸು. ನನ್ನ ಕತ್ತು ಸೆಟೆದುಕೊಂಡಿತು. ಕಾಶವ್ವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಗ್ಗದಿಂದ ಮಾರು ದೂರದಲ್ಲಿ ಕಾಕಾ ಬೂದಿಯ ಬಟ್ಟಲಿಲ್ಲದೆ ಸುಮ್ಮನೆ ಕೂತಿರುತ್ತಿದ್ದರು. ಒಂದೊಂದು ಸಲ, "ಎಷ್ಟ ಆತ್ರಿ?" ಅನ್ನುತ್ತಿದ್ದರು.

ಯುಗಾದಿಯ ಪಾಡ್ಯದ ದಿನ ನೇಯ್ದು ನೋಡುವುದೆಂದು ಗೊತ್ತುಮಾಡಿದೆವು. ನಮ್ಮಲ್ಲಿ ಬೇವು ಬೆಲ್ಲವನ್ನು ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡು ಮುಖ ಕಿವುಚಿ ಮುಗಿಸುತ್ತೇವೆ. ಇಲ್ಲಿ ಬೇವನ್ನು ಕುಡಿಯುತ್ತಾರೆ. ಬೆಲ್ಲದ ನೀರಿಗೆ ಬೇವಿನ ಹೂವು, ಹುರಿಗಡಲೆ ಹಿಟ್ಟು, ದ್ರಾಕ್ಷಿ ಗೋಡಂಬಿ ಎಲ್ಲ ಹಾಕಿ ಪಾತ್ರೆಗಟ್ಟಲೆ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಕಾಶವ್ವ ನನಗೂ ಒಂದು ದೊಡ್ಡ ಲೋಟ ಕೊಟ್ಟು ಕುಣಿಗೆ ಇಳಿದರು. ಲಾಳಿ ಎಸೆದರು. ಹಣಿಗೆ ಬಡಿದರು. ಎರಡು ಸಲ, ಮೂರು ಸಲ. ಲಾಳಿ ಹಾಯಲು ಎಳೆಗಳು ಬಾಯಿ ಬಿಡಲಿಲ್ಲ, ಎಲ್ಲೆಲ್ಲೋ ಒಂದರ ಮೇಲೊಂದು ಹತ್ತಿಕೊಂಡಿದ್ದವು. ನಾನು ಸಾಲು ತಪ್ಪಿಸಿದ್ದೆ, ಒಂದು ಕಡೆಯಲ್ಲ, ಹತ್ತಾರು ಕಡೆ. ನಾಲ್ಕನೇ ಏಟಿಗೆ ಕುಣಿಕೆಗಳು ಪಟಪಟನೆ ಹರಿಯತೊಡಗಿದವು.

"ಸಾಕ," ಅಂದರು ಕಾಕಾ. ಸದ್ದಿನಲ್ಲೇ ಅವರಿಗೆ ಎಲ್ಲ ತಿಳಿದಿತ್ತು. "ನಿಲ್ಲಸ ಇನ್ನ. ಮಗ್ಗಕ್ಕ ತ್ರಾಸ ಕೊಡಬ್ಯಾಡ."

ಕಾಶವ್ವ ಕುಣಿಯೊಳಗೇ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಲೋಟದಲ್ಲಿದ್ದ ಬೇವನ್ನು ಅಷ್ಟೂ ಕುಡಿದೆ. ಚೆಲ್ಲಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ.

ಆ ತಿಂಗಳೇ ಸಂಸ್ಥೆಯವರು ಕೈಮಗ್ಗದ ಯೋಜನೆ ನಿಲ್ಲಿಸಿ ಬೇರೇನೋ ಹೊಸದು ಶುರುಮಾಡಿದರು. ಜೋಶಿ ಸರ್ ಒಳ್ಳೆಯ ಮನಸ್ಸಿನಿಂದಲೇ, "ನೀವೂ ಬರ್ರಿ, ಹೊಸಾ ಫೀಲ್ಡು," ಅಂದರು. ಆ ಹೊಸ ಅನ್ನುವ ಪದ ನನಗೆ ಸಾಕಾಗಿತ್ತು. ಬರುವುದಿಲ್ಲ ಅಂದೆ. ನಂಜನಗೂಡಿಗೂ ಹೋಗಲಿಲ್ಲ. ಒಂದು ಹೊಲಿಗೆ ಯಂತ್ರ ಕೊಂಡು ಅದೇ ಕೋಣೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುವುದು, ಜಂಪರ್ ಹೊಲಿಯುವುದು ಮಾಡುತ್ತಿದ್ದೇನೆ. ಇವತ್ತಿನ ಕೆಲಸವೇ ನಾಳೆ, ನಾಳೆಯದೇ ನಾಡಿದ್ದು. ಬೆಳಗ್ಗೆ ಕಾಕಾನ ಕೈಗೆ ಚಹಾದ ಕಪ್ಪು ಕೊಡುವುದು, ಸಂಜೆ ಕೈ ಹಿಡಿದು ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ ಬರುವುದು. ಊರಿನಲ್ಲಿದ್ದಾಗ ಒಂದು ದಿನವೂ ತಪ್ಪಿಸಿಲ್ಲ. ಇದು ತಪ್ಪಿಗೆ ಪ್ರಾಯಶ್ಚಿತ್ತವಾ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಪ್ರಾಯಶ್ಚಿತ್ತವಾದರೆ ಏನಾದರೂ ಸರಿಹೋಗಬೇಕಿತ್ತಲ್ಲ. ಏನೂ ಸರಿಹೋಗಿಲ್ಲ. ಕಾಶವ್ವ ಹೇಳಿದ್ದಂತೆಯೇ ಕಾಕಾ ಹಾಸಿಗೆ ಹಿಡಿಯುತ್ತ ಬಂದರು. ಮೊದಲ ವರ್ಷ ಮಧ್ಯಾಹ್ನ ಮಲಗುವುದು ಶುರುವಾಯಿತು, ಆಮೇಲೆ ಬೆಳಗ್ಗೆ ಏಳುವುದು ತಡವಾಯಿತು. ಬೆರಳುಗಳು ಮಾತ್ರ ಸುಮ್ಮನಿರುವುದಿಲ್ಲ. ಹೊದಿಕೆಯ ಅಂಚಿನ ದಾರವನ್ನು ಹೊಸೆಯುತ್ತಲೇ ಇರುತ್ತವೆ. ವರ್ಷಕ್ಕೆ ಎರಡು ಹೊದಿಕೆಯ ಅಂಚು ನಾನೇ ಹೊಲಿದುಕೊಡುತ್ತೇನೆ.

ಒಂದೇ ಕಡೆ ಊರಿ ನಿಲ್ಲುವುದು ಎಂಥದ್ದೆಂದು ನನಗೀಗ ಗೊತ್ತು. ಗೊತ್ತಾಗುವ ಹೊತ್ತಿಗೆ, ನಿಲ್ಲಬೇಕಾಗಿದ್ದದ್ದು ಹೋಗಿಬಿಟ್ಟಿತ್ತು. ಜನವರಿ ಬಂದಾಗ ನೋಟ್‌ಬುಕ್ಕು ಕೊಳ್ಳುವುದನ್ನು ಬಿಟ್ಟಿದ್ದೇನೆ. ಅದನ್ನೂ ಒಂದು ದೊಡ್ಡ ಬದಲಾವಣೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ವರ್ಷ ಅಣ್ಣನ ಮಗಳ ಮದುವೆಗೆ ನಂಜನಗೂಡಿಗೆ ಹೋಗಿದ್ದೆ. ಅಡುಗೆಯವರಿಗೆ, "ಪಲ್ಯಾ ಛಲೋ ಆಗೇತ್ರಿ" ಅಂದುಬಿಟ್ಟೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. "ಏನೇ, ಪೂರ್ತಿ ಆ ಕಡೆಯವಳೇ ಆಗೋದ್ಯಲ್ಲೇ," ಅಂದಳು ಅತ್ತಿಗೆ. ರಾತ್ರಿ ಬಸ್ಸು ಹತ್ತಿ ಬನಹಟ್ಟಿಗೆ ಬಂದರೆ ಓಣಿಯವರು, "ಮೈಸೂರ ಮೇಡಮ್ಮಾರು ಬಂದ್ರು" ಅಂದರು. ಕಾಶವ್ವ ಈಗೀಗ ನನಗೂ ಬೇ ಅನ್ನುತ್ತಾರೆ. ಎಷ್ಟು ಆಸೆಪಟ್ಟಿದ್ದೆ ಅದಕ್ಕೆ! ಈಗ ಅವರು "ಉಂಡೇನ ಬೇ?" ಅಂದಾಗ ಎದೆಯೊಳಗೆ ಮುಳ್ಳು ಆಡಿದ ಹಾಗಾಗುತ್ತದೆ. ಕಾಕಾ ಮಾತ್ರ ಇವತ್ತಿಗೂ ನನಗೆ "ರೀ" ಬಿಟ್ಟು ಮಾತಾಡಿಲ್ಲ.

ಈ ಡಿಸೆಂಬರಿನಲ್ಲಿ ಕಾಕಾ ಕುಣಿಯೊಳಗೆ ಬಿದ್ದರು. ಆ ಮನೆಯ ಒಂದೊಂದು ಹೆಜ್ಜೆಯೂ ಗೊತ್ತಿದ್ದ ಮನುಷ್ಯ ನಿದ್ದೆಗಣ್ಣಿನಲ್ಲಿ ಎದ್ದು ನಡೆದು ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಮಗ ಬಸವರಾಜ ಹದಿನೈದು ದಿನ ಏನೂ ಹೇಳಲಿಲ್ಲ. ಆಮೇಲೆ ಮೆತ್ತಗೆ, "ಅಪ್ಪಾ, ಅದನ್ನ ಮುಚ್ಚಿ ನಿನ್ನ ಮಂಚ ಅಲ್ಲೇ ಹಾಕೂಣು," ಅಂದ. ಅವನದೇನು ತಪ್ಪು? ಕಾಕಾ ಹೂಂ ಅಂದರು. ಹೊಸ ವರ್ಷದ ಮೊದಲ ಭಾನುವಾರ ಅವನಿಗೆ ರಜೆ ಇತ್ತು, ಅಂದೇ ಮಾಡುವುದೆಂದಾಯಿತು.

ಅವತ್ತು ಬೆಳಗ್ಗೆ ಇಬ್ಬರು ಆಳುಗಳು ಮಗ್ಗದ ಮರಗಳನ್ನು ಬಿಚ್ಚಿ ಹಿತ್ತಲಿಗೆ ಸಾಗಿಸಿದರು. ಮಣ್ಣಿನ ಬುಟ್ಟಿಗಳು ಬಾಗಿಲಿಗೆ ಬಂದವು. ಕಾಕಾ, "ಒಂದೀಟ ತಡೀರಿ," ಅಂದು ನನ್ನ ಕೈ ಹಿಡಿದುಕೊಂಡು ಬಂದು, ಕುಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಅಕ್ಕಪಕ್ಕದ ಮಗ್ಗಗಳು ಓಡುತ್ತಲೇ ಇದ್ದವು. ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ಮೇಡಮ್ಮಾರ, ಒಂದ ಮಾತ ಕೇಳಬೇಕಂತ ಮೂರ ವರ್ಷದಿಂದ ಮಾಡಾಕತ್ತೇನಿ. ಅವತ್ತ ಕಟ್ಟಿ ಮ್ಯಾಲಿಂದ ನಾ ಒದರಿದ್ದು ನಿಮಗ ಕೇಳ್ಸಿತ್ತೇನ್ರಿ?"

ಅಡುಗೆಮನೆಯ ಬಾಗಿಲಲ್ಲಿ ಕಾಶವ್ವ ನಿಂತಿದ್ದರು. ಕೈಯಲ್ಲಿದ್ದ ರೊಟ್ಟಿಯ ಹಿಟ್ಟು ಹಾಗೇ ಇತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲ ಹೇಳಿಬಿಡಬೇಕು, ಈ ಮನುಷ್ಯನ ಕಾಲು ಹಿಡಿದು ಅಳಬೇಕು ಅಂತ ನನಗೆ ಅನ್ನಿಸಿತು.

"ಇಲ್ಲ ಕಾಕಾ," ಅಂದೆ. "ಸಪ್ಪಳ ಭಾಳ ಇತ್ತರಿ. ಏನೂ ಕೇಳ್ಸಲಿಲ್ಲ."

ಅವರು ನಿಧಾನವಾಗಿ ತಲೆಯಾಡಿಸಿದರು. "ನನಗ ಗೊತ್ತಿತ್ತು. ಕೇಳ್ಸಿದ್ರ ನೀವು ಹಂಗ ಮಾಡಾವ್ರ ಅಲ್ಲ. ನಂದ ತಪ್ಪರಿ. ಕುಂತಲ್ಲಿಂದ ಒದರಿದೆ, ಎದ್ದ ಬಂದ ಹೇಳಬೇಕಿತ್ತು. ನನ್ನ ಮಾತೊಂದ ನಿಮ್ಮ ಕಿವೀಗಿ ಬಿದ್ದಿದ್ರ ಮಗ್ಗ ಉಳೀತಿತ್ತು."

ಕಾಶವ್ವ ಒಳಗೆ ತಿರುಗಿಕೊಂಡರು. ಆಳು ಮೊದಲ ಬುಟ್ಟಿ ಎತ್ತಿಕೊಂಡು ನಿಂತಿದ್ದ. ನಾನು ಕಾಕಾನ ಕೈ ಹಿಡಿದು ಎಬ್ಬಿಸಿದೆ.

"ಹೌದ್ರಿ ಕಾಕಾ, ಉಳೀತಿತ್ತು," ಅಂದೆ. ಅಷ್ಟು ಹೇಳುವಷ್ಟು ಅವರ ಮಾತು ನನಗೀಗ ಬರುತ್ತದೆ.